ಗುಡ್ಡದ ಮೇಲೆ ಓದಲು ಹೊರಟವನಿಗೆ

ತಮ್ಮಾ, ಕೊಪ್ಪಳದ ಗವಿಮಠದ ಹಾಸ್ಟೆಲ್ಲಿನಲ್ಲಿ ಜಾಗ ಸಿಕ್ಕಿತೆಂದು ನಿಮ್ಮವ್ವ ಹೇಳಿದಳು. ಬಾಳ ಸಂತೋಷವಾಯಿತು. ಟ್ರಂಕು ತುಂಬುವ ಗಡಿಬಿಡಿಯಲ್ಲಿದ್ದೀಯ, ಆದರೂ ನಾಲ್ಕು ಮಾತು ಹೇಳಿಬಿಡುತ್ತೇನೆ.

ನಮ್ಮ ಮರಳಿ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಊರು. ಭತ್ತದ ಗದ್ದೆಯ ನಡುವೆ ಬೆಳೆದವನು ನೀನು. ಅಲ್ಲಿ ನಿನ್ನ ಪಕ್ಕದಲ್ಲಿ ಹಾಸಿಗೆ ಹಾಸುವವನು ಕುಷ್ಟಗಿ ಕಡೆಯವನೋ ಯಲಬುರ್ಗಾ ಕಡೆಯವನೋ ಇರುತ್ತಾನೆ. ಅವನ ಮನೆಯವರು ಮುಗಿಲು ನೋಡಿ ಬಿತ್ತುವವರು. ಮಳೆ ಕೈಕೊಟ್ಟ ವರ್ಷ ಗೋವಾಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಗುಳೆ ಹೋಗುವವರು. ಅಪ್ಪ ಅವ್ವ ಗುಳೆ ಹೋದರೂ ಮಗನ ಓದು ನಿಲ್ಲದೆ ನಡೆಯುವುದು ಇಂಥ ಹಾಸ್ಟೆಲ್ಲಿನಿಂದಲೇ. ಹಬ್ಬದ ರಜೆಗೆ ಎಲ್ಲರೂ ಊರಿಗೆ ಹೊರಟಾಗ ಅವನ ಮನೆಗೆ ಬೀಗ ಬಿದ್ದಿರಬಹುದು. ಅವನು ಬಾಯಿಬಿಟ್ಟು ಹೇಳುವುದಿಲ್ಲ. ನೀನೇ ತಿಳಿದುಕೊಂಡು ಅವನನ್ನು ನಮ್ಮ ಮನೆಗೆ ಕರಕೊಂಡು ಬಾ.

ಅನ್ನಕ್ಕೂ ಕೋಣೆಗೂ ದುಡ್ಡಿಲ್ಲವೆಂದು ಅದನ್ನು ಹಗುರವಾಗಿ ಕಾಣಬೇಡ. ಪ್ರತಿ ವರ್ಷ ಜಾತ್ರೆ ಬಂತೆಂದರೆ ಊರೂರ ಹೆಣ್ಣುಮಕ್ಕಳು ರೊಟ್ಟಿ ಬಡಿದು, ಬಂಡಿ ಟ್ರ್ಯಾಕ್ಟರುಗಳಲ್ಲಿ ಹೇರಿ ಮಠಕ್ಕೆ ಕಳಿಸುವುದನ್ನು ನೋಡಿದ್ದೀಯ. ಮಾದಲಿ, ಅಕ್ಕಿ, ಜೋಳ, ಕಾಯಿಪಲ್ಲೆ ಎಲ್ಲವೂ ಹಾಗೇ ಬರುತ್ತವೆ. 2022ರಲ್ಲಿ 5000 ಮಕ್ಕಳಿಗೆ ಉಚಿತ ಊಟ, ವಸತಿಯ ಕಟ್ಟಡಕ್ಕೆ ಅಡಿಗಲ್ಲು ಹಾಕಿದ ದಿನ ಮಠದ ಸ್ವಾಮಿಗಳಾದ ನಮ್ಮ ಅಜ್ಜಾರು ಮಾತಾಡುತ್ತ ಮಾತಾಡುತ್ತ ಕಣ್ಣೀರು ಹಾಕಿದರು. ಬಡವರ ಮಕ್ಕಳು ಹಸಿದು ಓದು ಬಿಡಬಾರದೆಂಬ ಸಂಕಟ ಅದು. ಅದನ್ನು ಕಂಡು ಮನೆಮನೆಗಳಲ್ಲಿ ಜನ ಅತ್ತರು. ನಿನ್ನ ತಾಟಿಗೆ ಬೀಳುವ ಅನ್ನದಲ್ಲಿ ಇಷ್ಟೊಂದು ಜನರ ಪಾಲಿದೆ.

ಇದಕ್ಕಿಂತ ಮುಖ್ಯವಾದ ಮಾತು ಅಡುಗೆಮನೆಯದು. ನೀವಿನ್ನೂ ಮಲಗಿರುವಾಗಲೇ ಅಲ್ಲಿ ಒಲೆ ಹೊತ್ತಿರುತ್ತದೆ, ಕೊಪ್ಪರಿಗೆಯಲ್ಲಿ ಎಸರು ಕುದಿಯುತ್ತಿರುತ್ತದೆ. ಅಷ್ಟು ದೊಡ್ಡ ಸೌಟು ಎತ್ತಿ ಎತ್ತಿ ಅಡುಗೆಯವರ ತೋಳು ಸಂಜೆಗೆ ಸೋತಿರುತ್ತದೆ. ಅವರನ್ನು ‘ಏ’ ಎಂದು ಕರೆಯಬೇಡ. ಕಾಕಾ ಅನ್ನು, ಚಿಗವ್ವ ಅನ್ನು, ಯಾವೂರು ಅಂತ ಕೇಳು. ಬಿಡುವಿದ್ದಾಗ ಉಳ್ಳಾಗಡ್ಡಿ ಸುಲಿಯಲು ಹೋಗಿ ಕೂತುಕೋ. ತಾಟು ನೀನೇ ತೊಳೆ, ಬಚ್ಚಲು ನೀನೇ ಉಜ್ಜು. ಕಸ ಗುಡಿಸುವವರನ್ನು ಕಂಡೂ ಕಾಣದಂತೆ ದಾಟಿ ಹೋಗುವವನು ಹತ್ತನೇತ್ತೆಯಲ್ಲಿ ಎಷ್ಟೇ ಅಂಕ ತೆಗೆಯಲಿ, ನಾನಂತೂ ಅವನನ್ನು ಓದಿದವನೆಂದು ಒಪ್ಪುವುದಿಲ್ಲ.

ಒಂದು ಭಾನುವಾರ ಮೇಷ್ಟ್ರನ್ನು ಕೇಳಿಕೊಂಡು ಅಶೋಕನ ಶಾಸನ ನೋಡಿ ಬಾ. ಮಠದ ಹತ್ತಿರ ಒಂದು, ಪಾಲ್ಕಿಗುಂಡು ಬೆಟ್ಟದ ಮೇಲೆ ಇನ್ನೊಂದು, ಎರಡೂ 1931ರಲ್ಲಿ ಬೆಳಕಿಗೆ ಬಂದವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಮನಸ್ಸಿಟ್ಟು ದುಡಿದರೆ ಎತ್ತರವನ್ನು ಮುಟ್ಟಬಲ್ಲ ಎಂಬುದು ಅವುಗಳ ತಾತ್ಪರ್ಯ. ಅದೇ ಅರಸನ ಬ್ರಹ್ಮಗಿರಿಯ ಶಾಸನದಲ್ಲಿ ತಂದೆತಾಯಿಯ ಮಾತು ಕೇಳಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದೂ ಇದೆ. ಎರಡು ಸಾವಿರ ವರ್ಷಕ್ಕೂ ಹಳೆಯ ಆ ಕಲ್ಲಿನ ಮೇಲೆ ನಿನ್ನ ಹೆಸರು ಗೀಚುವ ಬುದ್ಧಿ ಮಾಡಬೇಡ, ಜೊತೆಯವರು ಮಾಡಿದರೆ ತಡೆ.

ಮೊದಮೊದಲು ರಾತ್ರಿ ಅಳು ಬರುತ್ತದೆ. ಎಲ್ಲರಿಗೂ ಬರುತ್ತದೆ, ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು ಅತ್ತುಬಿಡುತ್ತಾರೆ ಅಷ್ಟೆ. ಯಾರಿಗೂ ಹೇಳದೆ ಬಸ್ ಹತ್ತಿ ಬಂದುಬಿಡಬೇಡ. ವಾರ್ಡನ್‌ಗೆ ಹೇಳು. ಅವರೂ ಹೆಂಡತಿ ಮಕ್ಕಳನ್ನು ಬಿಟ್ಟು ನಿಮ್ಮ ಜ್ವರ, ನಿಮ್ಮ ಜಗಳ ನೋಡಿಕೊಂಡು ಇರುವವರು. ಬೈದರೆ ಎದುರಾಡಬೇಡ. ಆದರೆ ಯಾರೇ ಆಗಲಿ ಕೈಮಾಡಿದರೆ, ಹೇಳಬಾರದ್ದನ್ನು ಹೇಳಿ ಹೆದರಿಸಿದರೆ, ಮುಚ್ಚಿಡಬೇಡ. ಅವತ್ತೇ ನನಗೆ ಫೋನು ಮಾಡಿಸು. ನಾನು ಮೊದಲ ಬಸ್ಸಿಗೇ ಬರುತ್ತೇನೆ.