ಹಡಗಿನಲ್ಲಿ ವಾಂತಿ: ಅಲೆಗಳದೇ ತಪ್ಪೇ?

ಜುಲೈ ರಜೆಯಲ್ಲಿ ಬಾರ್ಸಿಲೋನಾದಲ್ಲಿ ಪ್ರವಾಸಿ ಹಡಗು ಹತ್ತಿದ ಕುಟುಂಬವೊಂದು ನೇಪಲ್ಸ್ ತಲುಪುವಷ್ಟರಲ್ಲಿ ಮಗುವಿಗೆ ವಾಂತಿ ಶುರುವಾಯಿತು ಎನ್ನಿ. ‘ಹಡಗಿನ ತೂಗಾಟ, ಅಷ್ಟೇ’ ಎಂದು ಹೆತ್ತವರು ಸುಮ್ಮನಾಗುವುದುಂಟು. ಪಾಂಪೆ ನೋಡುವುದು ತಪ್ಪೀತೆಂಬ ಆತಂಕವೂ ಇರುತ್ತದೆ!

ಆದರೆ ಬೇಸಿಗೆಯ ಮೆಡಿಟರೇನಿಯನ್ ಸಮುದ್ರ ಸಾಮಾನ್ಯವಾಗಿ ಶಾಂತ. ತೂಗಾಟದ ವಾಂತಿ ದಡ ಸೇರಿದ ಮೇಲೆ ಶಮನವಾಗುತ್ತದೆ. ಜೊತೆಗೆ ಭೇದಿಯೂ ಇದ್ದರೆ ನೊರೊವೈರಸ್ ಸೋಂಕನ್ನು ಶಂಕಿಸಬೇಕು. ವೈರಸ್ ದೇಹ ಹೊಕ್ಕ 12ರಿಂದ 48 ಗಂಟೆಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಒಬ್ಬರಿಂದೊಬ್ಬರಿಗೆ ಬೇಗ ಹರಡುತ್ತದೆ.

ಮುಚ್ಚಿಡದೆ ಹಡಗಿನ ವೈದ್ಯರಿಗೆ ತಿಳಿಸಿ. ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸಿ. ವಾಂತಿಭೇದಿ ನಿಂತ ಮೇಲೂ 48 ಗಂಟೆ ಮಗು ಕ್ಯಾಬಿನ್‌ನಲ್ಲೇ ಇರಲಿ. ಕೈಗೆ ಹಚ್ಚುವ ಆಲ್ಕೊಹಾಲ್ ಜೆಲ್ ಈ ವೈರಸ್‌ಗೆ ಸಾಲದು. ಸೋಪು, ನೀರೇ ಬೇಕು. ಮೂತ್ರ ಕಡಿಮೆಯಾಗಿ ಮಗು ಮಂಕಾದರೆ ಕೂಡಲೇ ವೈದ್ಯರಲ್ಲಿಗೆ ಎತ್ತಿಕೊಂಡು ಹೋಗಿ.