ಫಾರ್ಮ್ಯಾಟ್ ಮಾಡುವ ಮುನ್ನ

ವಿಂಡೋಸ್ ಕೈಕೊಟ್ಟ ಕಂಪ್ಯೂಟರ್ ಹೊತ್ತು ತಂದವರು ಮೊದಲು ಹೇಳುವುದು ಇದನ್ನೇ: "ಫಾರ್ಮ್ಯಾಟ್ ಮಾಡ್ಬುಡಿ ಅಣ್ಣ." ಚನ್ನಪಟ್ಟಣದಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನಾನು ಆ ಮಾತಿಗೆ ಬೇಗ ಒಪ್ಪುವುದಿಲ್ಲ. ಎಷ್ಟೋ ಸಲ ಕೆಟ್ಟಿರುವುದು ವಿಂಡೋಸ್ ಮಾತ್ರ, ಫೈಲುಗಳು ಇದ್ದಲ್ಲೇ ಇರುತ್ತವೆ. ಮಾಗಡಿಯ ಪತ್ರಬರಹಗಾರರ ಕ್ರಯಪತ್ರಗಳು, ಕನಕಪುರದ ಸ್ಟುಡಿಯೋದವರು ತೆಗೆದ ಮದುವೆ ಫೋಟೊಗಳು, ರಾಮನಗರದ ರೇಷ್ಮೆ ರೀಲರ್‌ಗಳ ಟ್ಯಾಲಿ ಲೆಕ್ಕ, ನಮ್ಮೂರ ಗೊಂಬೆ ಮಾಡುವವರ ಬಿಲ್ಲುಗಳು. ಅಳಿಸಿದ ಮೇಲೆ ಇವನ್ನು ಎಲ್ಲಿಂದ ತರುವುದು?

ಅದಕ್ಕೇ ಮೊದಲು ಫೈಲುಗಳನ್ನು ನಕಲು ಮಾಡಿಕೊಳ್ಳಲು, ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದ ಪೆನ್‌ಡ್ರೈವ್‌ನಿಂದ ಅದೇ ಯಂತ್ರವನ್ನು ಬೂಟ್ ಮಾಡುತ್ತೇನೆ. ಹಾರ್ಡ್ ಡಿಸ್ಕಿಗೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ವಿಂಡೋಸಿನ ಎನ್‌ಟಿಎಫ್‌ಎಸ್ ಡ್ರೈವ್‌ಗಳನ್ನು ಲಿನಕ್ಸ್ ಚೆನ್ನಾಗಿಯೇ ಓದುತ್ತದೆ. ಬರೆಯಲು ಮಾತ್ರ ಕೆಲವೊಮ್ಮೆ ತಕರಾರು ಮಾಡುತ್ತದೆ. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ, ಶಟ್‌ಡೌನ್ ಒತ್ತಿದರೂ ವಿಂಡೋಸ್ ತನ್ನ ಅರ್ಧ ಕೆಲಸವನ್ನು ಡಿಸ್ಕಿನಲ್ಲೇ ಉಳಿಸಿಕೊಂಡು ನಿದ್ದೆ ಹೋಗಿರುತ್ತದೆ. ಆಗ ಬಲವಂತವಾಗಿ ಬರೆದರೆ ಡ್ರೈವ್ ಹಾಳಾಗಬಹುದು. ನಕಲು ಮಾಡಲು ಓದುವುದಷ್ಟೇ ಸಾಕು. ಹಾಗಾಗಿ ರೀಡ್ ಓನ್ಲಿಯಾಗಿಯೇ ಮೌಂಟ್ ಮಾಡುತ್ತೇನೆ.

ಡಿಸ್ಕ್ ಓದಲು ತಡವರಿಸುತ್ತಿದ್ದರೆ ಒಂದೊಂದೇ ಫೋಲ್ಡರ್ ಎಳೆಯಲು ಹೋಗಬಾರದು. ಡಿಡಿ ರೆಸ್ಕ್ಯೂ ಎಂಬ ಉಚಿತ ಸಾಧನ ಮೊದಲು ಸುಲಭಕ್ಕೆ ಓದಿಸಿಕೊಳ್ಳುವ ಭಾಗವನ್ನೆಲ್ಲ ಇನ್ನೊಂದು ಡಿಸ್ಕಿಗೆ ತೆಗೆದಿಟ್ಟು, ಕೆಟ್ಟ ಜಾಗಗಳ ತಂಟೆಗೆ ಕೊನೆಯಲ್ಲಿ ಹೋಗುತ್ತದೆ. ನಡುವೆ ಕರೆಂಟು ಹೋದರೂ ಅದರ ಮ್ಯಾಪ್ ಫೈಲ್ ಇದ್ದರೆ ಬಿಟ್ಟಲ್ಲಿಂದ ಮುಂದುವರಿಸಬಹುದು. ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ನಾನು ಮುಟ್ಟುವುದೇ ಇಲ್ಲ, ಡೇಟಾ ರಿಕವರಿಯವರ ಹತ್ತಿರ ಕಳಿಸುತ್ತೇನೆ.

ಕನ್ನಡದ ಕೆಲಸ ಮಾಡುವವರಿಗೆ ಇನ್ನೊಂದು ಭಯವಿದೆ. ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಹಳೆಯ ಕ್ರಯಪತ್ರವನ್ನು ಲಿನಕ್ಸಿನಲ್ಲಿ ತೆರೆದಾಗ ಅಕ್ಷರಗಳ ಬದಲು ಇಂಗ್ಲಿಷಿನ ಕಲಸುಮೇಲೋಗರ ಕಾಣುತ್ತದೆ. "ಎಲ್ಲಾ ಹೋಯ್ತು" ಎಂದು ಕುಸಿದು ಕೂತವರಿಗೆ ಸಮಾಧಾನ ಹೇಳಿದ್ದೇನೆ. ಫೈಲಿಗೆ ಏನೂ ಆಗಿರುವುದಿಲ್ಲ. ಯೂನಿಕೋಡ್ ಅಲ್ಲದ ಆ ಬರಹ ಕನ್ನಡವಾಗಿ ಕಾಣುವುದು ನುಡಿಯ ಫಾಂಟ್ ಇದ್ದಾಗ ಮಾತ್ರ. ಆದ್ದರಿಂದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಜೊತೆಗೆ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸನ್ನೂ ತಪ್ಪದೆ ನಕಲು ಮಾಡುತ್ತೇನೆ. ಬಹಳ ಜನ ಮರೆಯುವುದು ಇದನ್ನೇ. ಟ್ಯಾಲಿ ಡೇಟಾವನ್ನು ಎಲ್ಲಿ ಇಟ್ಟಿದ್ದಾರೆಂದು ಮಾಲೀಕರನ್ನೇ ಕೇಳಿಕೊಳ್ಳುವುದು ಮೇಲು.

ನಕಲು ಇಡುವ ಡಿಸ್ಕ್ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಲಿ. ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಮದುವೆ ವಿಡಿಯೊ ಅದರಲ್ಲಿ ಕೂರುವುದಿಲ್ಲ. ನಕಲಾದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ಕೆಲವು ಫೈಲು ತೆರೆದು, ಮಾಲೀಕರಿಗೂ ತೋರಿಸಿ, ಆಮೇಲೆ ಫಾರ್ಮ್ಯಾಟ್.

ನನ್ನ ಕೈ ಕಟ್ಟಿಹಾಕುವುದು ಬಿಟ್‌ಲಾಕರ್. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೇ ಗೊತ್ತಿಲ್ಲದೆ ಡ್ರೈವ್‌ಗೆ ಬೀಗ ಬಿದ್ದಿರುತ್ತದೆ. 48 ಅಂಕಿಯ ರಿಕವರಿ ಕೀ ಇದ್ದರೆ ಲಿನಕ್ಸಿನಿಂದಲೂ ತೆರೆಯಬಹುದು, ಅದಿಲ್ಲದೆ ಬಂದವರನ್ನು ಬರಿಗೈಯಲ್ಲಿ ಕಳಿಸಬೇಕಾಗುತ್ತದೆ. ನಿಮ್ಮ ಲ್ಯಾಪ್‌ಟಾಪ್ ಸರಿಯಾಗಿರುವಾಗಲೇ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀ ನೋಡಿ, ಕಾಗದದಲ್ಲಿ ಬರೆದು ಮನೆಯ ದಾಖಲೆಗಳ ಜೊತೆ ಇಟ್ಟುಕೊಳ್ಳಿ.