ಬಾಯ್ಲರ್ ಸೋರುತ್ತಿದೆಯೇ? ಮೊದಲು ನೀರಿನ ಲೆಕ್ಕ ಹಿಡಿಯಿರಿ

ನ್ಯೂಜೆರ್ಸಿ, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ಕಡೆ ಹಳೆಯ ಮನೆ ಕೊಂಡ ಕನ್ನಡಿಗರಿಂದ ಚಳಿಗಾಲ ಬಂತೆಂದರೆ ಒಂದೇ ಬಗೆಯ ಪತ್ರಗಳು ಬರುತ್ತವೆ: ನೆಲಮಾಳಿಗೆಯ ಬಾಯ್ಲರ್ ಸೋರುತ್ತಿದೆ, ಏನು ಮಾಡಲಿ? ಮನೆ ಕಾಯಿಸುವ ಪ್ರಮೇಯವೇ ಇಲ್ಲದ ಊರಿನಿಂದ ಹೋದವರಿಗೆ ಈ ಯಂತ್ರ ಗಾಬರಿ ಹುಟ್ಟಿಸುವುದು ಸಹಜ. ಈ ಸಲ ಅಂಥ ನಾಲ್ಕು ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮದು 1920ರ ದಶಕದ ಮನೆ. ಎರಕದ ಕಬ್ಬಿಣದ ಸ್ಟೀಮ್ ಬಾಯ್ಲರನ್ನು ಹಿಂದಿನ ಮಾಲೀಕರು ಹಾಕಿಸಿ ಒಂಬತ್ತು ವರ್ಷವಾಗಿದೆ. ಈಗ ಅದರ ಬುಡದಲ್ಲಿ ನೀರು ನಿಲ್ಲುತ್ತಿದೆ. ಪ್ಲಂಬರ್ ಒಮ್ಮೆ ಇಣುಕಿ ನೋಡಿ, ‘ಒಡೆದಿದೆ, ಹೊಸದು ಹಾಕಿಸಿ’ ಎಂದರು. ಇದಕ್ಕೂ ಮುಂಚಿನ ಬಾಯ್ಲರ್ ನಲವತ್ತು ವರ್ಷ ಬಾಳಿತ್ತಂತೆ. ಇದು ಒಂಬತ್ತಕ್ಕೇ ಕೈಕೊಟ್ಟಿತೇಕೆ?
— ಮೇಪಲ್‌ವುಡ್, ನ್ಯೂಜೆರ್ಸಿ

ಉತ್ತರ: ಅಷ್ಟು ದೊಡ್ಡ ಖರ್ಚು ಎದುರಿಗಿರುವಾಗ ನಿಮಗೆ ನಿದ್ದೆ ಬಾರದಿದ್ದರೆ ಆಶ್ಚರ್ಯವಿಲ್ಲ. ಆದರೆ ನೆಲದ ಮೇಲೆ ನೀರು ಕಂಡಮಾತ್ರಕ್ಕೆ ಬಾಯ್ಲರ್ ಒಡೆದಿದೆ ಎಂದು ತೀರ್ಮಾನಿಸಬೇಕಿಲ್ಲ. ಒಂದೆರಡು ದಿನ ನೋಡಿ ನಿರ್ಧರಿಸಲು ನಿಮಗೆ ಸಮಯವಿದೆ.

ಮೊದಲು ನೆಲ ಒರೆಸಿ, ಬಾಯ್ಲರ್ ಸುತ್ತ ಒಣ ರಟ್ಟು ಹಾಸಿ. ಯಾವ ಮೂಲೆ ಮೊದಲು ನೆನೆಯುತ್ತದೆಂದು ನೋಡಿ. ರಿಲೀಫ್ ವಾಲ್ವ್ (ಒತ್ತಡ ಮಿತಿಮೀರಿದರೆ ತೆರೆದುಕೊಳ್ಳುವ ಕವಾಟ) ತೊಟ್ಟಿಕ್ಕುತ್ತಿರಬಹುದು. ಗೇಜ್ ಗ್ಲಾಸ್ (ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ) ಹಿಡಿದಿರುವ ನಟ್ಟು ಸಡಿಲಗೊಂಡಿರಬಹುದು. ಸ್ನಾನದ ನೀರೂ ಇದೇ ಬಾಯ್ಲರಿನ ಸುರುಳಿಯಲ್ಲಿ ಕಾಯುತ್ತಿದ್ದರೆ, ಆ ಸುರುಳಿಯ ಗ್ಯಾಸ್ಕೆಟ್ (ಎರಡು ಲೋಹಗಳ ನಡುವಿನ ಪಟ್ಟಿ) ಸೋರುತ್ತಿರಬಹುದು. ಇವೆಲ್ಲ ಸಣ್ಣ ದುರಸ್ತಿಗಳು. ತಣ್ಣಗಿದ್ದ ಬಾಯ್ಲರ್ ಹೊತ್ತಿಕೊಂಡ ಮೊದಲ ಕೆಲವು ನಿಮಿಷ ಹೊಗೆಯಲ್ಲಿನ ತೇವ ತಣ್ಣನೆಯ ಕಬ್ಬಿಣಕ್ಕೆ ತಾಗಿ ಹನಿಯುವುದೂ ಉಂಟು. ಕಬ್ಬಿಣ ಬಿಸಿಯಾದ ಮೇಲೆ ಆ ಹನಿ ನಿಂತುಹೋದರೆ ಅದು ಸೋರಿಕೆಯಲ್ಲ.

ಇವು ಯಾವುವೂ ಅಲ್ಲವೆಂದಾದರೆ ತುಂಬಿಸಿ ನೋಡುವ ಪರೀಕ್ಷೆ ಮಾಡಬೇಕು. ಸ್ವಿಚ್ ಆರಿಸಿ, ಬಾಯ್ಲರ್ ಪೂರ್ತಿ ತಣ್ಣಗಾಗಲು ಹಲವು ಗಂಟೆ ಬಿಡಿ. ಇದರಲ್ಲಿ ಅವಸರ ಬೇಡವೇ ಬೇಡ. ಬಿಸಿ ಎರಕದ ಕಬ್ಬಿಣಕ್ಕೆ ತಣ್ಣೀರು ತಾಗಿದರೆ ಅದು ಸೀಳಿಬಿಡುತ್ತದೆ. ತಣಿದ ಮೇಲೆ ಕೈಯಿಂದ ತಿರುಗಿಸುವ ವಾಲ್ವಿನಿಂದ ನಿಧಾನವಾಗಿ ನೀರು ಬಿಡಿ. ಅದು ಗೇಜ್ ಗ್ಲಾಸ್ ದಾಟಿ ಹೆಡರ್ (ಬಾಯ್ಲರಿನ ತಲೆಯ ಮೇಲಿನ ದಪ್ಪ ಅಡ್ಡ ಕೊಳವೆ) ತನಕ ಏರಲಿ, ಅಲ್ಲಿಗೆ ನಿಲ್ಲಿಸಿ. ಮೇಲೇರುವ ಕೊಳವೆಯನ್ನು ಮುಟ್ಟುತ್ತಿದ್ದರೆ ತಣ್ಣೀರು ಎಲ್ಲಿಯವರೆಗೆ ಬಂದಿದೆಯೆಂದು ಕೈಗೇ ತಿಳಿಯುತ್ತದೆ. ಈಗ ಟಾರ್ಚ್ ಹಿಡಿದು ಬರ್ನರ್ ಇರುವ ಜಾಗ ನೋಡಿ. ಬರ್ನರಿನ ಮೇಲೆ ತುಕ್ಕುಬಣ್ಣದ ನೀರು ಹನಿಯುತ್ತಿದ್ದರೆ ಪ್ಲಂಬರ್ ಹೇಳಿದ್ದು ನಿಜ. ಒಂದೆರಡು ಗಂಟೆ ಕಳೆದರೂ ಒಣಗಿಯೇ ಇದ್ದರೆ ಬಾಯ್ಲರ್ ಗಟ್ಟಿಯಾಗಿದೆಯೆಂದೇ ತಿಳಿಯಿರಿ. ಆಮೇಲೆ ಗಾಜಿನ ಅರ್ಧಕ್ಕೆ ಬರುವಷ್ಟು ನೀರು ಇಳಿಸಿ, ಒಮ್ಮೆ ಚೆನ್ನಾಗಿ ಕುದಿಸಿ. ಹೊಸ ನೀರಿನಲ್ಲಿ ಕರಗಿರುವ ಆಮ್ಲಜನಕ ಹೊರಹೋಗಬೇಕು.

ಇನ್ನು ‘ಒಂಬತ್ತಕ್ಕೇ ಏಕೆ’ ಎಂಬ ನಿಮ್ಮ ಪ್ರಶ್ನೆ. ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದೇ.

ಸ್ಟೀಮ್ ವ್ಯವಸ್ಥೆಯಲ್ಲಿ ಅದೇ ನೀರು ಮತ್ತೆ ಮತ್ತೆ ಸುತ್ತಬೇಕು. ಹಬೆಯಾಗಿ ರೇಡಿಯೇಟರಿಗೆ ಹೋಗಿ, ನೀರಾಗಿ ಮರಳಿ ಬರಬೇಕು. ಕುದಿದು ಕುದಿದು ಆಮ್ಲಜನಕ ಕಳೆದುಕೊಂಡ ಹಳೆಯ ನೀರು ಕಬ್ಬಿಣಕ್ಕೆ ಅಷ್ಟಾಗಿ ಕೆಡುಕು ಮಾಡದು. ಎಲ್ಲೋ ಸೋರಿಕೆಯಾಗಿ ದಿನವೂ ಹೊಸ ನೀರು ಸೇರುತ್ತಿದ್ದರೆ, ಅದರೊಂದಿಗೆ ಹೊಸ ಆಮ್ಲಜನಕವೂ ಬಂತು. ಕುದಿಯುವಾಗ ಅದು ನೀರಿನ ಮೇಲ್ಮಟ್ಟದಲ್ಲಿ ಬಿಡುಗಡೆಯಾಗುತ್ತದೆ. ಹಾಗಾಗಿ ಕಬ್ಬಿಣ ತೂತು ಬೀಳುವುದು ಹೆಚ್ಚಾಗಿ ಆ ಮಟ್ಟಕ್ಕಿಂತ ತುಸು ಮೇಲೆ.

ನಿಮ್ಮ ಮನೆಯಲ್ಲಿ ಆಟೊಮ್ಯಾಟಿಕ್ ಫೀಡರ್ (ನೀರು ಕಡಿಮೆಯಾದಾಗ ತಾನೇ ತುಂಬುವ ಸಾಧನ) ಇದೆಯೇ ನೋಡಿ. ಅದು ಉಪಕಾರಿಯೇ ಹೌದು, ಆದರೆ ಸೋರಿಕೆಯನ್ನು ವರ್ಷಗಟ್ಟಲೆ ಮುಚ್ಚಿಡುವುದೂ ಅದೇ. ಕೆಲವು ಫೀಡರುಗಳಲ್ಲಿ ಎಷ್ಟು ಗ್ಯಾಲನ್ ತುಂಬಿತೆಂದು ತೋರಿಸುವ ಅಂಕಿ ಇರುತ್ತದೆ. ಇಲ್ಲದಿದ್ದರೆ ಆ ಕೊಳವೆಗೆ ಒಂದು ಸಣ್ಣ ಮೀಟರ್ ಹಾಕಿಸಿ. ವಾರಕ್ಕೆ ಒಂದೆರಡು ಲೀಟರ್ ಹೋದರೆ ಚಿಂತೆಯಿಲ್ಲ. ದಿನಕ್ಕೆ ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಹೋಗುತ್ತಿದ್ದರೆ ಎಲ್ಲೋ ಸೋರುತ್ತಿದೆಯೆಂದೇ ಅರ್ಥ.

ಎಲ್ಲಿ ಎಂದು ಹುಡುಕಲು ಒಂದು ರಾತ್ರಿ ಸಾಕು. ಉರಿ ಆರಿಸಿ, ನೀರೆಲ್ಲ ಮರಳಲು ಒಂದು ಗಂಟೆ ಬಿಡಿ. ಫೀಡರಿನ ನೀರು ಕಟ್ಟಿ, ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದು, ಉರಿಸದೆ ಬೆಳಗಿನವರೆಗೆ ಬಿಡಿ. ಕೊರೆಯುವ ಚಳಿಯ ರಾತ್ರಿ ಇದನ್ನು ಮಾಡಬೇಡಿ, ಮನೆಯ ನಲ್ಲಿ ಕೊಳವೆಗಳು ಹೆಪ್ಪುಗಟ್ಟಿಯಾವು. ಬೆಳಗ್ಗೆ ನೀರು ಗೆರೆಗಿಂತ ಕೆಲವು ಅಂಗುಲ ಇಳಿದು ಅಲ್ಲಿಗೇ ನಿಂತಿದ್ದರೆ ವೆಟ್ ರಿಟರ್ನ್ (ನೀರು ಮರಳಿ ಬರುವ, ಸದಾ ತುಂಬಿರುವ ತಳದ ಕೊಳವೆ) ಸೋರುತ್ತಿದೆ. ಹಳೆಯ ಮನೆಗಳಲ್ಲಿ ಇದು ಕಾಂಕ್ರೀಟಿನಡಿ ಹೂತಿರುತ್ತದೆ, ನೀರು ನೇರ ಮಣ್ಣಿಗೆ ಇಳಿಯುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಬಾಯ್ಲರಿನ ನೀರು ಕೆಲವು ಅಂಗುಲವಷ್ಟೇ ಇಳಿದು ನಿಲ್ಲಲು ಕಾರಣ ಹಾರ್ಟ್‌ಫರ್ಡ್ ಲೂಪ್ ಎಂಬ ಕೊಳವೆ ಜೋಡಣೆ. ಕನೆಕ್ಟಿಕಟ್ಟಿನ ಹಾರ್ಟ್‌ಫರ್ಡಿನಲ್ಲಿದ್ದ ಬಾಯ್ಲರ್ ವಿಮಾ ಕಂಪನಿಯೊಂದು 1919ರಲ್ಲಿ ಬಳಕೆಗೆ ತಂದದ್ದು ಅದು. ರಿಟರ್ನ್ ಒಡೆದರೂ ಬಾಯ್ಲರ್ ಬರಿದಾಗದಂತೆ ಅದು ಕಾಯುತ್ತದೆ. ನೀರು ಆ ಲೂಪಿನ ಮಟ್ಟಕ್ಕಿಂತಲೂ ಕೆಳಗಿಳಿದಿದ್ದರೆ ಬಾಯ್ಲರೇ ಸೋರುತ್ತಿದೆ. ಗೆರೆ ಕದಲದೆ, ಉರಿಸಿದ ದಿನ ಮಾತ್ರ ನೀರು ಕಡಿಮೆಯಾಗುತ್ತಿದ್ದರೆ ಹೊರಹೋಗುತ್ತಿರುವುದು ಹಬೆ.

ಹೂತ ಕೊಳವೆಯೇ ಕಾರಣವಾದರೆ ಅದನ್ನು ನೆಲದ ಮೇಲೆ ಕಾಣುವಂತೆ ಹೊಸದಾಗಿ ಹಾಕಿಸಿ. ಹಳೆಯದನ್ನು ಹಾಗೆಯೇ ಬಿಟ್ಟು ಹೊಸ ಬಾಯ್ಲರ್ ತಂದರೆ ಅದಕ್ಕೂ ಇದೇ ಗತಿ. ದಯವಿಟ್ಟು ಹಾಗೆ ಮಾಡಬೇಡಿ.

ಪ್ರಶ್ನೆ: ನೆಲದ ಮೇಲೆ ಒಂದು ಹನಿಯೂ ಇಲ್ಲ. ಆದರೂ ಫೀಡರ್ ದಿನವೂ ನೀರು ತುಂಬುತ್ತಿದೆ. ಚಿಮಣಿಯಿಂದ ದಟ್ಟ ಬಿಳಿ ಹೊಗೆ ಬರುತ್ತಿದೆ ಎಂದು ಪಕ್ಕದ ಮನೆಯವರು ಹೇಳಿದರು.
— ವೂಸ್ಟರ್, ಮ್ಯಾಸಚೂಸೆಟ್ಸ್

ಉತ್ತರ: ಕಣ್ಣಿಗೆ ಕಾಣದ ಸೋರಿಕೆ ಹೆಚ್ಚು ಕಾಡುತ್ತದೆ, ನಿಜ. ಆದರೆ ನಿಮ್ಮ ನೆರೆಯವರು ಒಳ್ಳೆಯ ಸುಳಿವು ಕೊಟ್ಟಿದ್ದಾರೆ.

ನೀರಿನ ಮಟ್ಟಕ್ಕಿಂತ ಮೇಲೆ ತೂತಾಗಿದ್ದರೆ ಅಲ್ಲಿಂದ ಹೊರಡುವುದು ಹಬೆ. ಅದು ಹೊಗೆಯ ದಾರಿ ಹಿಡಿದು ಚಿಮಣಿ ಸೇರುತ್ತದೆ, ನೆಲ ಒಣಗಿಯೇ ಇರುತ್ತದೆ. ಚಳಿಯಲ್ಲಿ ಗ್ಯಾಸ್ ಉರಿಯುವ ಎಲ್ಲ ಚಿಮಣಿಗಳಲ್ಲೂ ಒಂದಿಷ್ಟು ಬಿಳಿ ಆವಿ ಕಾಣುವುದರಿಂದ ಅದೊಂದನ್ನೇ ನಂಬಬೇಡಿ. ಅಕ್ಕಪಕ್ಕದ ಚಿಮಣಿಗಳೊಂದಿಗೆ ಹೋಲಿಸಿ ನೋಡಿ. ಬಾಯ್ಲರ್ ಹೊತ್ತಿದಾಗ ಆವಿ ತೆಳ್ಳಗಿದ್ದು, ನೀರು ಕುದಿಯತೊಡಗಿದ ಮೇಲೆ ದಟ್ಟವಾದರೆ ಅನುಮಾನ ಬಲವಾಗುತ್ತದೆ. ಖಚಿತವಾಗುವುದು ಮೇಲೆ ಹೇಳಿದ ತುಂಬಿಸುವ ಪರೀಕ್ಷೆಯಿಂದಲೇ.

ಪರೀಕ್ಷೆಯಲ್ಲಿ ಏನೂ ಹನಿಯದಿದ್ದರೆ ರೇಡಿಯೇಟರುಗಳ ಏರ್ ವೆಂಟುಗಳತ್ತ (ಗಾಳಿ ಬಿಟ್ಟು ಹಬೆಯನ್ನು ತಡೆಯುವ ಪುಟ್ಟ ಸಾಧನ) ಹೋಗಿ. ರೇಡಿಯೇಟರ್ ಪೂರ್ತಿ ಬಿಸಿಯಾದ ಮೇಲೆ ಫ್ರಿಜ್‌ನಲ್ಲಿಟ್ಟ ಸ್ಟೀಲ್ ಚಮಚವನ್ನು ವೆಂಟಿನ ಮುಂದೆ ಹಿಡಿಯಿರಿ. ಹನಿ ಕಟ್ಟಿ ತೊಟ್ಟಿಕ್ಕಿದರೆ ಆ ವೆಂಟ್ ಬದಲಿಸಿ. ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಹಬೆಯಾಗುತ್ತದೆ. ಹಾಗಾಗಿ ಒಂದು ವೆಂಟಿನ ಸೋರಿಕೆ ದೊಡ್ಡದಾಗಿ ಕಂಡರೂ ನೀರಿನ ಲೆಕ್ಕದಲ್ಲಿ ಸಣ್ಣದಿರಬಹುದು. ಹತ್ತು ವೆಂಟುಗಳು ಸೋರಿದರೆ ಮಾತು ಬೇರೆ.

ಪ್ರಶ್ನೆ: ನಾವು ಮೈಸೂರಿನವರು, ಮಗಳ ಮನೆಗೆಂದು ಆರು ತಿಂಗಳಿಗೆ ಬಂದಿದ್ದೇವೆ. ಬಾಯ್ಲರ್ ಸೋರುತ್ತಿದೆ ಎಂದು ಕೇಳಿದಾಗಿನಿಂದ ನನ್ನ ಪತ್ನಿ ಅದು ಸಿಡಿಯುತ್ತದೆಂದು ಹೆದರಿ ನೆಲಮಾಳಿಗೆಗೇ ಇಳಿಯುತ್ತಿಲ್ಲ.
— ಕ್ವೀನ್ಸ್, ನ್ಯೂಯಾರ್ಕ್

ಉತ್ತರ: ಅವರ ಹೆದರಿಕೆಯನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಒಂದು ಕಾಲದಲ್ಲಿ ಬಾಯ್ಲರುಗಳು ಸಿಡಿದು ಜನ ಸತ್ತದ್ದುಂಟು. ಇಂದಿನ ಎಚ್ಚರಿಕೆಗಳೆಲ್ಲ ಹುಟ್ಟಿದ್ದು ಆ ಸಾವುಗಳಿಂದಲೇ.

ಅವರಿಗೆ ಹೀಗೆ ಹೇಳಿ: ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹಾಕುವುದು ಸುಮಾರು 15 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡು ಎನ್ನುವ ಒತ್ತಡದ ಲೆಕ್ಕ) ಒತ್ತಡದಲ್ಲಿ. ಮನೆಯ ಸ್ಟೀಮ್ ಬಾಯ್ಲರ್ 2 ಪಿಎಸ್‌ಐಗಿಂತ ಕಡಿಮೆಯಲ್ಲಿ ಓಡಬೇಕು. 15 ಮುಟ್ಟಿದರೆ ಅದರ ರಿಲೀಫ್ ವಾಲ್ವ್ ತೆರೆದುಕೊಳ್ಳುತ್ತದೆ.

ಎಚ್ಚರ ಬೇಕಾದದ್ದು ಎರಡು ಕಡೆ. ನೀರಿಲ್ಲದೆ ಬಾಯ್ಲರ್ ಉರಿಯಬಾರದು. ಗೇಜ್ ಗ್ಲಾಸಿನಲ್ಲಿ ನೀರೇ ಕಾಣದಿದ್ದರೆ ಬಾಯ್ಲರಿನ ತುರ್ತು ಸ್ವಿಚ್ ಆರಿಸಿ ಮಗಳಿಗೆ ಹೇಳಿ. ನೀರು ತುಂಬಿಸಲು ಹೋಗಲೇಬೇಡಿ. ಆ ಸ್ವಿಚ್ಚಿಗೆ ಬಹುತೇಕ ಕೆಂಪು ಫಲಕವಿರುತ್ತದೆ, ನೆಲಮಾಳಿಗೆಯ ಮೆಟ್ಟಿಲ ಬಳಿ ಹುಡುಕಿ. ಮಗಳಿಂದ ಇವತ್ತೇ ಅದನ್ನು ತೋರಿಸಿಕೊಳ್ಳಿ. ಎರಡನೆಯದು, ಬರ್ನರಿನ ಮೇಲೆ ನೀರು ಹನಿದು ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ (ಬಣ್ಣ, ವಾಸನೆ ಇಲ್ಲದ ವಿಷಾನಿಲ) ಹುಟ್ಟಬಹುದು. ಮಲಗುವ ಕೋಣೆಗಳ ಹತ್ತಿರ ಅದರ ಅಲಾರಂ ಇದೆಯೇ, ಬ್ಯಾಟರಿ ಸರಿಯಿದೆಯೇ ಕೇಳಿ. ಅದು ಕೂಗಿದರೆ ಮೊದಲು ಎಲ್ಲರೂ ಹೊರಗೆ, ಆಮೇಲೆ 911ಕ್ಕೆ ಕರೆ.

ಪ್ರಶ್ನೆ: ಬಾಯ್ಲರಿಗೆ ಇನ್ನೂ ಮೂರು ವರ್ಷ. ಎರಡು ಸೆಕ್ಷನ್‌ಗಳ ನಡುವೆ ಒಸರುತ್ತಿದೆ. ಸೋರಿಕೆ ಮುಚ್ಚುವ ದ್ರಾವಣ ಹಾಕಿದರೆ ಸಾಕು ಎನ್ನುತ್ತಾರೆ. ಹಾಕಲೇ?
— ಸೋಮರ್‌ವಿಲ್, ಮ್ಯಾಸಚೂಸೆಟ್ಸ್

ಉತ್ತರ: ಹಾಕಬೇಡಿ. ಕೊರೆಯುವ ಚಳಿಯಲ್ಲಿ ಹೊಸ ಬಾಯ್ಲರ್ ಬರುವ ತನಕ ಕೆಲವು ದಿನ ತಳ್ಳಲು ಮಾತ್ರ ಅದು ಸರಿ. ಮೂರೇ ವರ್ಷದ ಬಾಯ್ಲರಿನಲ್ಲಿ ಅದನ್ನು ಬಳಸಿದರೆ ವಾರಂಟಿ ಕೇಳುವಾಗ ತೊಡಕಾಗಬಹುದು.

ಸೆಕ್ಷನ್‌ಗಳನ್ನು (ಎರಕದ ಬಾಯ್ಲರಿನ ಒಂದೊಂದು ಹೋಳು) ಲೋಹದ ನಿಪ್ಪಲ್‌ಗಳಿಂದಲೋ (ಕೂಡಿಸುವ ಗಿಡ್ಡ ಕೊಳವೆ) ರಬ್ಬರಿನಂಥ ಸೀಲುಗಳಿಂದಲೋ ಒಂದಕ್ಕೊಂದು ಕೂಡಿಸಿರುತ್ತಾರೆ. ಇಷ್ಟು ಬೇಗ ಆ ಸಂದಿಯೇ ಬಿಟ್ಟಿದೆಯೆಂದರೆ ನಾನು ಮೊದಲು ನೋಡುವುದು ಮೇಲಿನ ಕೊಳವೆಗಳನ್ನು. ಬಾಯ್ಲರಿನಿಂದ ಎರಡು ಕೊಳವೆ ಮೇಲೇರಿ, ಬೆಸುಗೆ ಹಾಕಿದ ತಾಮ್ರದ ನೇರ ಹೆಡರಿಗೆ ಸೇರಿವೆಯೇ? ತಾಮ್ರ ಬಿಸಿಗೆ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಬೆಸೆದ ಕೀಲು ಕದಲದು, ಹಾಗಾಗಿ ಪ್ರತಿ ಸಲ ಬಿಸಿಯಾದಾಗಲೂ ಆ ಹೆಡರ್ ಸೆಕ್ಷನ್‌ಗಳನ್ನು ಎಳೆದಾಡುತ್ತದೆ. ತುದಿಯಲ್ಲಿ ತಿರುಪು ಕೊರೆದ ಉಕ್ಕಿನ ಕೊಳವೆ, ತಿರುಗಿ ಹೊಂದಿಕೊಳ್ಳುವ ಕೀಲುಗಳು ಇರಬೇಕಿತ್ತು. ಸೀಲು ರಬ್ಬರಿನದಾದರೆ ಪೆಟ್ರೋಲಿಯಂ ಎಣ್ಣೆಯಂಶವೂ ಅದನ್ನು ಕೆಡಿಸುತ್ತದೆ.

ಕೊಳವೆ ಜೋಡಣೆಯ ಫೋಟೋಗಳನ್ನು ಎಲ್ಲ ಕಡೆಯಿಂದ ಈಗಲೇ ತೆಗೆದಿಡಿ, ಬಾಯ್ಲರಿನೊಂದಿಗೆ ಬಂದ ಕೈಪಿಡಿಯ ಚಿತ್ರದೊಂದಿಗೆ ಹೋಲಿಸಿ. ಬದಲಿಸುವುದೇ ಆದರೆ ಕಳಚಿದ ಸೆಕ್ಷನ್‌ಗಳನ್ನು ಗುಜರಿಗೆ ಹಾಕುವ ಮುನ್ನ ಟಾರ್ಚ್ ಹಿಡಿದು ನೋಡಿ. ನೀರಿನ ಗೆರೆಯ ಮೇಲೆ ಕಬ್ಬಿಣ ತಿಂದುಹೋಗಿದ್ದರೆ ಅದು ಹೊಸ ನೀರಿನ ಕೆಲಸ. ತಳದಲ್ಲಿ ಕೆಸರು ಗಟ್ಟಿಯಾಗಿ ಕೂತು ಅಲ್ಲೇ ಬಿರುಕಿದ್ದರೆ ಆ ಜಾಗ ಅತಿಯಾಗಿ ಕಾದಿದೆ. ಕಬ್ಬಿಣವೆಲ್ಲ ಚೆನ್ನಾಗಿದ್ದು ಸಂದಿ ಮಾತ್ರ ಬಿಟ್ಟಿದ್ದರೆ, ಹೊಸ ಬಾಯ್ಲರಿನ ಕೊಟೇಶನ್ನಿನಲ್ಲಿ ಹೆಡರನ್ನು ಕೈಪಿಡಿಯಲ್ಲಿರುವಂತೆ ಉಕ್ಕಿನಲ್ಲೇ ಕಟ್ಟಿಕೊಡಬೇಕೆಂದು ಬರೆಸಿಕೊಂಡೇ ಸಹಿ ಹಾಕಿ.